ಬೀಗಿತ್ತಿಯರ ಊರು ಸುತ್ತಾಟ

ಅರಮನೆಯ ಹೆಬ್ಬಾಗಿಲಲ್ಲಿ ನಗಾರಿ ಮೊಳಗಿತು. ಅಂಟಿಸಿದ ಗಡ್ಡದ, ಹಳೇ ಕಾಲದ ವೇಷದ ಕಾವಲುಗಾರರು ಪಾಳಿ ಬದಲಿಸಿದರು. ಜನ ಚಪ್ಪಾಳೆ ತಟ್ಟಿದರು.

"ಚೆನ್ನಾಗಿತ್ತು, ಅಲ್ಲವೇ ಬೀಗಿತ್ತಿಯವರೇ?" ಎಂದಳು ದೊಗಿಮ್.

"ಬಹಳ ಚೆನ್ನಾಗಿತ್ತು, ಬೀಗಿತ್ತಿಯವರೇ," ಎಂದಳು ಪಿಲ್ಲಾಮ್.

ಅಲ್ಲಿಗೆ ಮಾತು ಮುಗಿಯಿತು. ಬೆಳಗಿನಿಂದ ಇದೇ ಕಥೆ. ಸಿಂಹಾಸನ ಚೆನ್ನಾಗಿತ್ತು, ಕೊಳ ಚೆನ್ನಾಗಿತ್ತು, ಕೊಳದೊಳಗಿನ ಮೀನೂ ಚೆನ್ನಾಗಿತ್ತು.

ಬರುವ ಶನಿವಾರ ದೊಗಿಮ್‌ಳ ಮಗಳು ಸೊರಾಳಿಗೂ ಪಿಲ್ಲಾಮ್‌ಳ ಮಗನಿಗೂ ಮದುವೆ. ರಾಜಧಾನಿ ಸೋಲ್‌ನ ಮದುವೆ ಛತ್ರಗಳಲ್ಲಿ ಶಾಸ್ತ್ರ ಶುರುವಾಗುವುದೇ ತಾಯಂದಿರಿಂದ. ಇಬ್ಬರೂ ಕೈ ಕೈ ಹಿಡಿದು ಬಂದು, ಗಂಡಿನ ತಾಯಿ ನೀಲಿ ಮೇಣದಬತ್ತಿ, ಹೆಣ್ಣಿನ ತಾಯಿ ಕೆಂಪು ಮೇಣದಬತ್ತಿ ಹಚ್ಚಬೇಕು. ಈ ಸುತ್ತಾಟದ ಹಿಂದಿನ ದಿನ ಅದರ ಅಭ್ಯಾಸ ನಡೆದಾಗ ಸೊರಾ ಹಣೆ ಹಣೆ ಚಚ್ಚಿಕೊಂಡಿದ್ದಳು.

"ಅಮ್ಮಾ, ಪೊಲೀಸಿನವಳು ಕಳ್ಳಿಯನ್ನ ಹಿಡ್ಕೊಂಡು ಬಂದ ಹಾಗಿತ್ತು! ಆ ವೀಡಿಯೊ ನಾವು ಜೀವಮಾನ ಪೂರ್ತಿ ನೋಡ್ಬೇಕಾ? ನಾಳೆ ಅತ್ತೇನ ಕರ್ಕೊಂಡು ಹೋಗಿ ಊರು ತೋರಿಸು. ಇಬ್ಬರೂ ಸ್ವಲ್ಪ ಬೆರೀರಿ."

"ಬೀಗರ ಮನೆ, ಕಕ್ಕಸು ಎರಡೂ ದೂರ ಇದ್ದಷ್ಟೂ ಒಳ್ಳೇದು ಅಂತ ನಿಮ್ಮಜ್ಜಿ ಸುಮ್ನೆ ಹೇಳ್ತಿರಲಿಲ್ಲ," ಎಂದು ದೊಗಿಮ್ ಗೊಣಗಿದ್ದಳು. ಆದರೂ ಹೊರಟಳು. ಮಗಳ ಮುಖ ನೋಡಿ, ಅವಳು ಗೊತ್ತುಮಾಡಿದ್ದ ಬಾಡಿಗೆ ಉಡುಗೆಯನ್ನೂ ತೊಟ್ಟಳು. ಬೀಗಿತ್ತಿಗೂ ಅದೇ ವೇಷ. ಪರದೇಶದವರು ಅರಮನೆಯ ಮುಂದೆ ಫೋಟೊ ತೆಗೆಸಿಕೊಳ್ಳಲು ತೊಡುತ್ತಾರಲ್ಲ, ಆ ಜರಿ ಲಂಗ. ಒಳಗೆ ಲಂಗ ಉಬ್ಬಿಸುವ ತಂತಿಯ ಬಳೆ ಬೇರೆ. ಹಿಂದೆ ಅದುಮಿದರೆ ಮುಂದೆ ಏಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹಳೇ ಪೇಟೆಗೆ ಬಂದು, ಹೆಸರುಬೇಳೆ ದೋಸೆ ಚುರುಗುಡುತ್ತಿದ್ದ ಒಂದು ಅಂಗಡಿಯ ಬೆಂಚಿನಲ್ಲಿ ಕುಳಿತರು. ಏನು ಬೇಕೆಂದು ಬಂದ ನೆಂಟರೇ ಮೊದಲು ಹೇಳಲಿ ಎಂದು ದೊಗಿಮ್ ಸುಮ್ಮನಿದ್ದಳು. ಊರಿನವರು ಮೊದಲು ಹೇಳಲಿ ಎಂದು ಪಿಲ್ಲಾಮ್ ಸುಮ್ಮನಿದ್ದಳು. ಕೊನೆಗೆ ಇಬ್ಬರೂ ಮುಗುಳ್ನಕ್ಕು ಕಾವಲಿಯ ಕಡೆ ಬೆರಳು ತೋರಿಸಿದರು.

ಅಂಗಡಿಯವಳು ಜರಿ ಲಂಗ ನೋಡಿದಳು, ಮೂಕ ನಗು ನೋಡಿದಳು. "ಹಲೋ ಹಲೋ! ವೆರಿ ಟೇಸ್ಟಿ!" ಎಂದು ಕೂಗಿ, ಪಕ್ಕದ ಒಲೆಯವಳ ಕಡೆ ತಿರುಗಿದಳು. ಆಮೇಲಿನದೆಲ್ಲ ಅಚ್ಚ ಊರಮಾತು.

"ಜಪಾನಿನವರು ಕಣೇ. ನಿನ್ನೆ ಮಿಕ್ಕಿದ್ದನ್ನೇ ಬಿಸಿ ಮಾಡಿ ಕೊಡ್ತೀನಿ, ಇವರಿಗೇನು ಗೊತ್ತಾಗುತ್ತೆ? ಆ ದಪ್ಪನೋಳನ್ನ ನೋಡು, ಕುಂಬಳಕಾಯಿಗೆ ಜರಿ ಸುತ್ತಿದ ಹಾಗಿದಾಳೆ!"

ದೊಗಿಮ್ ದಡಕ್ಕನೆ ಎದ್ದಳು. ಲಂಗದ ತಂತಿ ತಗುಲಿ ಚಮಚದ ಡಬ್ಬ ಉರುಳಿತು.

"ಯಾರನ್ನೇ ಕುಂಬಳಕಾಯಿ ಅಂದಿದ್ದು? ನಮ್ಮ ಬೀಗಿತ್ತಿ ಕಣೇ ಅವರು! ಅನ್ನೋದಿದ್ರೆ ನಾನು ಅಂತೀನಿ, ನೀನ್ಯಾವಳೇ ಅನ್ನೋಕೆ?"

ಅಂಗಡಿಯವಳ ಸೌಟು ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಪಿಲ್ಲಾಮ್‌ಳೂ ಎದ್ದಿದ್ದಳು. ಬೆಳಗಿನಿಂದ ರೇಡಿಯೊ ವಾರ್ತೆ ಓದುವವಳಂತೆ ಮಾತಾಡಿದ್ದ ಅವಳ ಬಾಯಿಂದ ಅವಳೂರಾದ ಮೊಕ್ಪೊ ಬಂದರಿನ ಮೀನುಪೇಟೆಯೇ ಧುಮುಕಿತು.

"ಏ ಯವ್ವಾ, ನಿನ್ನಿ ದ್ವಾಸಿ ನಮಗ ಹಾಕ್ತೀಯೇನ? ವಯಸ್ಸೆಲ್ಲಾ ಮೀನ ಮಾರೀನಿ ನಾ! ಹಳೇದ್ಯಾವ್ದು, ಹೊಸಾದ್ಯಾವ್ದು, ನನ್ನ ಮೂಗಿಗೆ ಗೊತ್ತಾಕ್ಕೇತಿ! ನಾ ಕುಂಬಳಕಾಯಿ ಆದ್ರ ನೀ ಒಣಗಿದ ಹಾಗಲಕಾಯಿ!"

"ಅಯ್ಯೋ ತಪ್ಪಾಯ್ತು ಅಕ್ಕಾ, ತಪ್ಪಾಯ್ತು!" ಅಂಗಡಿಯವಳು ಕೈ ಮುಗಿದಳು. "ಈ ವೇಷ ಹಾಕ್ಕೊಂಡು ತುಟಿ ಬಿಚ್ಚದೆ ಕೂತ್ರೆ ನಾನೇನು ಅಂದ್ಕೊಳ್ಳಲಿ? ನಮ್ಮ ಹೆಂಗಸರಿಬ್ಬರು ಬಾಯಿ ಮುಚ್ಕೊಂಡು ಕೂತಿದ್ದನ್ನ ಈ ಪೇಟೇಲಿ ಇವತ್ತಿನವರೆಗೂ ನೋಡಿಲ್ಲ!"

ಆಗಷ್ಟೇ ರುಬ್ಬಿದ ಹಿಟ್ಟು ಕಾವಲಿಗೆ ಬಿತ್ತು. ದೋಸೆ ತಟ್ಟೆಗೆ ಬಂದದ್ದೇ ದೊಗಿಮ್ ಕೇಳಿದಳು, "ಕೊಸರು?"

"ಮೇಲೊಂದು ಬಿಟ್ಟಿ ಹಾಕ್ತೀನಿ ಅಕ್ಕಾ."

"ಇಬ್ಬರಿಗೆ ಒಂದಾ?" ಎಂದಳು ಪಿಲ್ಲಾಮ್. "ಬೀಗರಿಗೆ ಅರ್ಧರ್ಧ ಬಡಿಸೋ ಊರೇನ ಇದು?"

ಎರಡು ಬಿದ್ದವು. ಅಂಗಡಿಯವಳು ಕೇಳದೆಯೇ ಅಕ್ಕಿ ಹೆಂಡದ ಬಟ್ಟಲೂ ಇಟ್ಟಳು.

"ಬೆಳಗ್ಗಿಂದ ಎಲ್ಲಿಟ್ಟಿದ್ರಿ ಈ ಬಾಯಿನ?" ಎಂದಳು ದೊಗಿಮ್.

"ರಾಜಧಾನಿಯೋರ ಮುಂದ ನಮ್ಮೂರ ಮಾತ ಆಡಬ್ಯಾಡ ಅಂದಿದ್ದ ನನ್ನ ಮಗ."

"ನನ್ನ ಮಗಳು ಪೇಟೇಲಿ ಚೌಕಾಸಿ ಮಾಡಿ ಮಾನ ಕಳೀಬೇಡ ಅಂದಿದ್ದಳು. ಈಗ ನಿಜ ಹೇಳಿ, ಆ ಕೊಳದ ಮೀನು ನೋಡಿ ಏನನ್ನಿಸ್ತು?"

ಪಿಲ್ಲಾಮ್ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಅಷ್ಟ ದಪ್ಪನ್ನ ಮೀನ, ಸಾರ ಮಾಡೋದ ಬಿಟ್ಟ ಬರೇ ನೋಡ್ಕೋತ ನಿಂತಾರಲ್ಲ ಅಂತ ಹೊಟ್ಟಿ ಉರೀತು."

ದೊಗಿಮ್ ಕುಡಿಯುತ್ತಿದ್ದ ಹೆಂಡ ನೆತ್ತಿಗೆ ಹತ್ತಿತು. ಪಿಲ್ಲಾಮ್ ಅವಳ ನೆತ್ತಿ ತಟ್ಟಿದಳು. ಪೇಟೆಯಿಂದ ಹೊರಡುವಾಗ ಯಾರ ಕೈ ಯಾರು ಮೊದಲು ಹಿಡಿದರೋ, ಇಬ್ಬರಿಗೂ ಗಮನವಿರಲಿಲ್ಲ.

ಶನಿವಾರ ಛತ್ರ ತುಂಬಿತ್ತು. ಪಿಯಾನೊ ಮೆಲ್ಲಗೆ ನುಡಿಯುತ್ತಿತ್ತು. ಕೈ ಕೈ ಹಿಡಿದು ಬಂದ ತಾಯಂದಿರನ್ನು ಕಂಡು ಬಾಗಿಲ ಮರೆಯಲ್ಲಿದ್ದ ಸೊರಾ ನೆಮ್ಮದಿಯ ಉಸಿರು ಬಿಟ್ಟಳು. ನೀಲಿ ಬತ್ತಿ ಹತ್ತಿತು. ದೊಗಿಮ್ ಬಾಗಿ ಕೆಂಪು ಬತ್ತಿಯನ್ನೂ ಹಚ್ಚಿದಳು. ಆಗ ಪಿಲ್ಲಾಮ್ ಅವಳ ಕಿವಿಯ ಹತ್ತಿರ ಬಂದು ಉಸುರಿದಳು:

"ಇಷ್ಟೊಂದ ಹೂವು ತರಿಸೀರಲ್ಲ, ಕೊಸರ ಕೇಳಿದ್ರೋ ಇಲ್ಲೋ?"

ದೊಗಿಮ್ ತಡೆದ ನಗು ಮೂಗಿನಿಂದ ಬುಸ್ಸೆಂದಿತು. ಕೆಂಪು ಬತ್ತಿ ಆರಿಹೋಯಿತು.

ಪಿಯಾನೊ ನಿಂತಿತು. ಬಾಗಿಲ ಮರೆಯಲ್ಲಿ ಸೊರಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಪಿಲ್ಲಾಮ್ ಮಾತ್ರ ಗಾಬರಿಯಾಗಲಿಲ್ಲ. ತನ್ನ ನೀಲಿ ಬತ್ತಿಯನ್ನು ಕಿತ್ತು, ಬಾಗಿಸಿ, ಕೆಂಪು ಬತ್ತಿಗೆ ಮತ್ತೊಮ್ಮೆ ಬೆಂಕಿ ಮುಟ್ಟಿಸಿದಳು. ಆಮೇಲೆ ನೆರೆದವರ ಕಡೆ ತಿರುಗಿ, ಮೀನುಪೇಟೆಯ ಗಂಟಲಿನಲ್ಲೇ ಹೇಳಿದಳು:

"ಗಾಬರಿ ಆಗಬ್ಯಾಡ್ರಿ. ಇದು ಕೊಸರು."