ಬಡಿದು ಅಗಲಿಸಿದ ಟೊಪ್ಪಿಗೆ

ಭೂಮಿಯ ಕಾಂತಶಕ್ತಿ ಹುಚ್ಚೆದ್ದ ಮೇಲೆ, ಲೋಹದ ಟೊಪ್ಪಿಗೆಯಿಲ್ಲದೆ ಬಯಲಿಗೆ ಹೋದವರ ನೆನಪು ಒಂದೊಂದಾಗಿ ಅಳಿಸಿಹೋಗುತ್ತಿತ್ತು. ಗದಗಿನ ಕುಲುಮೆಗಾರ ಇಮಾಮಸಾಬ ಅಂಥ ಟೊಪ್ಪಿಗೆಗಳನ್ನು ಕಾಯಿಸಿ ಹದಗೊಳಿಸಿ ಕೊಡುತ್ತಿದ್ದ.

ಅಂದು ಮಧ್ಯಾಹ್ನ ಶಿವಗಂಗವ್ವ ಒಂಬತ್ತು ವರ್ಷದ ಮಗಳು ಕಸ್ತೂರಿಯನ್ನು ಕರೆದುಕೊಂಡು ಬಂದಳು. ಟೊಪ್ಪಿಗೆ ಮಗಳ ತಲೆಗೆ ಬಿಗಿಯಾಗಿತ್ತೆಂದು ತಾನೇ ಬಡಿದು ಅಗಲ ಮಾಡಿದ್ದಳು. ಇಮಾಮಸಾಬ ಅದನ್ನು ಪರೀಕ್ಷೆಯ ಯಂತ್ರದಲ್ಲಿಟ್ಟ. ಟೊಪ್ಪಿಗೆ ಎಷ್ಟು ತಡೆಯುತ್ತದೆಂದು ತೋರಿಸುವ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

“ಸುತ್ತಿಗಿ ಪೆಟ್ಟಿಗೆ ಲೋಹದ ಒಳಗ ಬಿಗುವು ಕುಂತೈತ್ರಿ, ಅಕ್ಕಾರ. ಹೊರಗ ಕಾಣಂಗಿಲ್ಲ, ಆದ್ರ ಇದು ಈಗ ಏನೂ ತಡಿಯಂಗಿಲ್ಲ. ಕಾಸಿ ಸಾವಕಾಶ ಆರಿಸಿದ್ರ ಮೊದಲಿನಂಗ ಆಗ್ತೈತಿ. ಬಡಿದು ಎಷ್ಟು ದಿನ ಆತ್ರಿ?”

“ಎರಡು ತಿಂಗಳಾತ್ರಿ ಅಣ್ಣಾರ. ದಿನಾ ಇದನ್ನಽ ಹಾಕ್ಕೊಂಡು ಸಾಲಿಗೆ ಹೋಗ್ಯಾಳ. ಮಗ್ಗಿ ಮರೀತಾಳಂತ ನಾನಽ ಹೊಡದೀನಿ.” ಹೇಳುತ್ತ ಹೇಳುತ್ತಲೇ ಅವಳ ದನಿ ಇಳಿಯಿತು.

ಇಮಾಮಸಾಬ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. “ನಿನ್ನ ಹೆಸರೇನವ್ವಾ?”

ಹುಡುಗಿ ಬಾಯಿ ತೆರೆದಳು. ಆಮೇಲೆ ಅವ್ವನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು: “ಏನಂತ ಹೇಳಬೇಕವ್ವಾ?”

ಶಿವಗಂಗವ್ವ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. “ಕಸ್ತೂರಿ ಅಂತ ಹೇಳು, ನನ್ನ ಬಂಗಾರ.”

“ಛಲೋ ಐತಿ ಹೆಸರು,” ಎಂದಳು ಹುಡುಗಿ.