ಇಷ್ಟ ಬಂದದ್ದು ತಗೋ

ಕೂಸು ಚೆಂಡನ್ನು ಹಿಡಿದುಬಿಟ್ಟಿತು. ಮೊದಲ ಹುಟ್ಟುಹಬ್ಬದ ದಿನ ಮೇಜಿನ ಮೇಲೆ ಜೋಡಿಸಿಟ್ಟ ವಸ್ತುಗಳಲ್ಲಿ ಮಗು ಏನನ್ನು ಎತ್ತಿಕೊಳ್ಳುತ್ತದೋ ಅದೇ ಅದರ ನಾಳೆ ಎಂಬುದು ಅವರಲ್ಲಿನ ನಂಬಿಕೆ. ಅಕ್ಕಿ ಕಡುಬು ಮೆಲ್ಲುತ್ತಿದ್ದ ನೆಂಟರೆಲ್ಲ ಬಾಯಾಡಿಸುವುದನ್ನು ನಿಲ್ಲಿಸಿದರು. "ಅಯ್ಯೋ, ಇವನೂ ಅಕ್ಕನ ಥರಾನೇ! ಬಿಡಿಸೇ ಅದನ್ನ, ಸ್ಟೆತಸ್ಕೋಪ್ ಹತ್ರ ತಳ್ಳು," ಎಂದು ಅತ್ತೆ ಮಿರಾನಳನ್ನು ಗದರಿದಳು.

ಮಿರಾನ್ ಮಗನ ಬೆರಳು ಬಿಡಿಸಲು ಬಾಗಿದಳು. ಮಗಳು ಸೊಯುಲ್ ಇಷ್ಟೇ ಇದ್ದಾಗ ಅವಳ ಮುಷ್ಟಿಯಿಂದಲೂ ಹೀಗೇ ಕುಂಚ ಬಿಡಿಸಿ, ಸ್ಟೆತಸ್ಕೋಪ್ ಹಿಡಿಸಿ ಫೋಟೊ ತೆಗೆಸಿದ್ದಳು. ಆಮೇಲೂ ಬಿಡಿಸುತ್ತಲೇ ಬಂದಳು: ಬಣ್ಣದ ಡಬ್ಬಿ, ಗೆಳತಿಯರು, ಭಾನುವಾರಗಳು. ಈಗ ಹಬ್ಬದ ರೇಷ್ಮೆ ಉಟ್ಟ ಸೊಯುಲ್ ಮೂಲೆಯಲ್ಲಿ ಟ್ಯೂಷನ್ನಿನ ಲೆಕ್ಕ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ಮಿರಾನಳ ಕೈ ಹಿಂದೆ ಸರಿಯಿತು. "ಇರ್ಲಿ ಬಿಡಿ ಅತ್ತೆ, ಚೆಂಡೇ ಇರ್ಲಿ," ಎಂದವಳೇ ಮಗಳನ್ನು ಕರೆದಳು. "ಬಾ ಪುಟ್ಟಿ, ನೀನೂ ಒಂದು ಎತ್ಕೋ. ಇಷ್ಟ ಬಂದದ್ದು ತಗೋ. ನಾಳೆಯಿಂದ ಅದನ್ನೇ ಕಲಿ, ಯಾರೂ ಏನೂ ಅನ್ನಲ್ಲ."

ಸೊಯುಲ್ ಬಂದು ನಿಂತಳು. ಕುಂಚ, ನೂಲಿನ ಉಂಡೆ, ಸ್ಟೆತಸ್ಕೋಪ್, ಎಲ್ಲವನ್ನೂ ನೋಡಿದಳು. ಕುಂಚದತ್ತ ಹೊರಟ ಕೈಯನ್ನು ತಾನೇ ಹಿಂದಕ್ಕೆಳೆದು, ಬೆನ್ನ ಹಿಂದೆ ಅಡಗಿಸಿಕೊಂಡು, ಅಮ್ಮನ ಮುಖವನ್ನೇ ದಿಟ್ಟಿಸಿದಳು.

"ಯಾವುದು ತಗೊಂಡ್ರೆ ಸರಿ, ಅಮ್ಮ?"