ಸ್ಮಾರಕದಲ್ಲಿ ಮೊಳೆತವನು

ಪತ್ರಕರ್ತರ ಸ್ಮಾರಕದಲ್ಲಿ ಅದೇ ಕಂಚಿನ ತಲೆ ಮತ್ತೆ ಮೊಳೆತಿದೆ ಎಂಬ ಸುದ್ದಿ ಕೇಳಿ ನಗರಸಭೆಯ ಎಂಜಿನಿಯರ್ ಶಾಹೀನಾಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸುದ್ದಿ ತರಲು ಹೋದವರು ಯಾರಾದರೂ ಕೊಲೆಯಾದರೆ ಅಲ್ಲಿ ಅವರ ಮೂರ್ತಿ ತಾನಾಗಿಯೇ ಬೆಳೆಯುವುದು ಊರಿಗೆ ಹೊಸದಲ್ಲ. ಕಟ್ಟೆ ಬಿರುಕು ಬಿಡುತ್ತದೆ, ಇವಳು ಸಿಮೆಂಟ್ ಮೆತ್ತಿಸಿ ಕಟ್ಟೆಯನ್ನು ಅಗಲ ಮಾಡಿಸುತ್ತಾಳೆ. ಆದರೆ ಈ ಸಲದ್ದನ್ನು ಕೊಯ್ಯಿಸಬೇಕೆಂದು ಮೇಲಿನವರ ಆದೇಶ. ಎರಡು ಸಲ ಕೊಯ್ಯಿಸಿದ್ದೂ ಆಗಿತ್ತು. ಬೆಳಗಾಗುವಷ್ಟರಲ್ಲಿ ಕ್ಯಾಮೆರಾಮನ್ ಯಮನೂರನ ಮೂರ್ತಿ ಹೆಗಲ ಮೇಲಿನ ಕ್ಯಾಮೆರಾ ಸಮೇತ ಮತ್ತೆ ಎದ್ದು ನಿಂತಿತ್ತು.

"ಈ ಯಮನೂರ ಲಾರಿ ಬಡದು ಸತ್ತಾನ್ರೀ ಮೇಡಂ, ಕೊಲೆ ಅಲ್ಲ. ಅಪಘಾತ ಅಂತ ನಾನೇ ಬರದು ಕೇಸ್ ಮುಗಿಸೀನಿ," ಎಂದ ಇನ್‌ಸ್ಪೆಕ್ಟರ್ ಬೆಳ್ಳುಬ್ಬಿ. "ನಾಳೆ ಮಂತ್ರಿಗಳು ಹಾರ ಹಾಕಾಕ ಬರ್ತಾರ. ಇಂವ ಇಲ್ಲಿ ಇರಬಾರ್ದು."

"ನೀವು ಕೇಸ್ ಮುಗಿಸಿದ್ದು ಇದಕ್ಕ ಗೊತ್ತಾಗಬೇಕಲ್ರೀ! ಕೊಯ್ಸಿ ಕೊಯ್ಸಿ ನನಗ ಸಾಕಾಗೇದ. ಬ್ಲೇಡೆಲ್ಲಾ ಮೊಂಡ ಆಗ್ಯಾವ."

"ಇದೊಂದು ಸಲ ಕೊಯ್ಸಿ ಬಿಡ್ರಿ."

ಶಾಹೀನಾಗೆ ಮೈಯೆಲ್ಲ ಉರಿದುಹೋಯಿತು. ಕೂಲಿಯವನ ಕೈಯಲ್ಲಿದ್ದ ಕಟರ್ ಕಸಿದು ಇನ್‌ಸ್ಪೆಕ್ಟರನ ಎದೆಗೇ ಹಿಡಿದಳು. "ಅಪಘಾತ ಅಂತ ಬರದವ್ರು ನೀವು. ನೀವೇ ಕೊಯ್ರಿ."

ಬೆಳ್ಳುಬ್ಬಿ ಕಟರ್ ಹಿಡಿದು ಮೂರ್ತಿಯ ಎದುರಿಗೆ ಹೋದ. ಕಂಚಿನ ಕ್ಯಾಮೆರಾ ನೇರ ಅವನ ಮುಖಕ್ಕೆ ತಿರುಗಿತು. ಅವನು ಎಡಕ್ಕೆ ಸರಿದ, ಅದೂ ಸರಿಯಿತು. ಹಿಂದಿನಿಂದ ಹೋಗಿ ನೋಡಿದ. ಅಲ್ಲಿಯೂ ಅದು ಅವನನ್ನೇ ನೋಡುತ್ತಿತ್ತು.

ಅವನು ಕಟರನ್ನು ಕೆಳಗಿಟ್ಟು ಟೋಪಿಯಿಂದ ಮುಖ ಒರೆಸಿಕೊಂಡ.

"ಸಿಮೆಂಟ್ ತರಿಸ್ರಿ, ಕಟ್ಟಿ ಅಗಲ ಮಾಡ್ಸ್ರಿ," ಎಂದ, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಮೆಲ್ಲಗೆ.